ಮೂವತ್ತಾರನೆಯ ಗುಂಡುಸೂಜಿ

ನಾನು ಬಾಯಿ ಜೋರಿನ ಹೆಂಗಸು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಆದದ್ದಕ್ಕೆಲ್ಲ ಅರ್ಧ ಕಾರಣ ಒಂದು ಗುಂಡುಸೂಜಿಯಾದರೆ, ಇನ್ನರ್ಧ ಕಾರಣ ನನ್ನ ಬಾಯಿ.

ಮನೆಯ ಮುಂದಿನ ಕೋಣೆಯಲ್ಲಿ ನಾನೂ ನನ್ನ ಅತ್ತೆಯೂ ಮಕ್ಕಳ ಫ್ರಾಕ್ ಹೊಲಿಯುತ್ತೇವೆ. ಒಂದು ಮಷೀನು, ಒಂದು ಉದ್ದನೆಯ ಮೇಜು, ಗೋಡೆಗೆ ಒರಗಿಸಿ ನಿಲ್ಲಿಸಿದ ಬಟ್ಟೆಯ ಸುರುಳಿಗಳು, ಮೂಲೆಯಲ್ಲಿ ಇಸ್ತ್ರಿಪೆಟ್ಟಿಗೆ. ಇಷ್ಟೇ ನಮ್ಮ ಕಾರ್ಖಾನೆ. ಹೊಲಿದದ್ದನ್ನು ಆ್ಯಪಿನಲ್ಲಿ ಫೋಟೋ ಹಾಕಿ ಮಾರುತ್ತೇವೆ. ಗಂಡ ಲಾರಿ ಓಡಿಸುತ್ತಾರೆ, ತಿಂಗಳಲ್ಲಿ ಇಪ್ಪತ್ತು ದಿನ ರಸ್ತೆಯ ಮೇಲೆಯೇ ಇರುತ್ತಾರೆ. ಆದ್ದರಿಂದ ಈ ಮನೆಯಲ್ಲಿ ಮಾತಾಡುವವಳು ನಾನು, ಕೇಳುವವರು ಅತ್ತೆ.

ಆನ್‌ಲೈನ್ ವ್ಯಾಪಾರದಲ್ಲಿ ಕಳಿಸುವುದು ಸುಲಭ, ವಾಪಸ್ ಬಂದರೇ ಕಷ್ಟ. ಕೊಂಡವರಿಗೆ ಬೇಡವೆನಿಸಿದರೆ ಹೋಗುವ ಡೆಲಿವರಿ ಖರ್ಚೂ ನನ್ನ ತಲೆಗೆ, ಬರುವ ಡೆಲಿವರಿ ಖರ್ಚೂ ನನ್ನ ತಲೆಗೆ. ಫ್ರಾಕ್ ಮಾತ್ರ ಪುಕ್ಕಟೆಯಾಗಿ ಊರು ಸುತ್ತಿಕೊಂಡು ಬರುತ್ತದೆ. ಒಬ್ಬಾಕೆ ಮಗಳ ಹುಟ್ಟುಹಬ್ಬಕ್ಕೆ ಹಾಕಿಸಿ, ಕೇಕಿನ ಕೆನೆ ಮೆತ್ತಿದ್ದ ತೋಳನ್ನು ಒಳಕ್ಕೆ ಮಡಚಿ, ‘ಅಳತೆ ಸರಿಯಿಲ್ಲ’ ಎಂದು ಬರೆದು ವಾಪಸ್ ಕಳಿಸಿದಳು. ಇನ್ನೊಬ್ಬಾಕೆ ಒಂದೇ ಫ್ರಾಕನ್ನು ಮೂರು ಅಳತೆಯಲ್ಲಿ ತರಿಸಿ ಮೂರನ್ನೂ ಹಿಂದಿರುಗಿಸಿದಳು. ಅವತ್ತು ಸಿಟ್ಟು ನೆತ್ತಿಗೇರಿ, ಆ್ಯಪಿನಲ್ಲಿ ನಿಯಮ ಬದಲಾಯಿಸಿಬಿಟ್ಟೆ: ವಾಪಸ್ ಕಳಿಸುವ ಖರ್ಚು ಕೊಂಡವರದ್ದೇ.

ಪಾರ್ಸೆಲ್ ಒಯ್ಯಲು ಬರುವ ನಡುವಯಸ್ಸಿನ ಮನುಷ್ಯನೊಬ್ಬನಿದ್ದಾನೆ. ‘ಹತ್ತು ನಿಮಿಷದಲ್ಲಿ ಬಂದೆ’ ಎಂದು ಫೋನಿನಲ್ಲಿ ಹೇಳಿ ಮೂರು ಗಂಟೆ ಬಿಟ್ಟು ಬರುವುದರಿಂದ ಅವನಿಗೆ ನಾವಿಟ್ಟ ಹೆಸರು ಹತ್ತು ನಿಮಿಷ. ಹೊಸ ನಿಯಮ ಕೇಳಿ ಅವನು ನಕ್ಕ.

“ಮೂಗಿಗಿಂತ ಮೂಗುತಿ ಭಾರ ಆಯ್ತಲ್ಲಕ್ಕಾ. ವಾಪಸ್ ಖರ್ಚೇ ಹೆಚ್ಚುಕಮ್ಮಿ ಫ್ರಾಕಿನಷ್ಟಿದೆ. ಯಾರು ಕಳಿಸ್ತಾರೆ?”

“ಕಳಿಸಬಾರದು ಅಂತಲೇ ಮಾಡಿರೋದು” ಎಂದೆ.

ನಿಜಕ್ಕೂ ವಾಪಸ್ ಬರುವುದು ನಿಂತುಹೋಯಿತು. ಮೂರು ತಿಂಗಳಲ್ಲಿ ಒಂದೇ ಒಂದು ಫ್ರಾಕ್ ಹಿಂದಿರುಗಲಿಲ್ಲ. ನನ್ನ ಬುದ್ಧಿವಂತಿಕೆಗೆ ನಾನೇ ಬೆನ್ನು ತಟ್ಟಿಕೊಂಡೆ.

ಇನ್ನು ಗುಂಡುಸೂಜಿಯ ವಿಷಯ. ಅದು ಅತ್ತೆ ಇಟ್ಟ ಕಟ್ಟಳೆ. ನಮ್ಮ ಕೋಣೆಯಲ್ಲಿ ಬಳಕೆಗೆ ಇರಬೇಕಾದದ್ದು ಮೂವತ್ತಾರೇ ಗುಂಡುಸೂಜಿ, ಎಲ್ಲಕ್ಕೂ ನೀಲಿ ಗಾಜಿನ ತಲೆ. ಅತ್ತೆ ಲೈನಿಂಗನ್ನು ಮೇಲ್ಬಟ್ಟೆಗೆ ಸೇರಿಸಿ ಸೂಜಿ ಚುಚ್ಚಿ ಕೊಡುತ್ತಾರೆ, ನಾನು ಹೊಲಿಯುತ್ತ ಒಂದೊಂದನ್ನೇ ಕಿತ್ತು ಬಟ್ಟಲಿಗೆ ಹಾಕುತ್ತೇನೆ. ಬಗ್ಗಿದ್ದನ್ನು ಎಸೆದು, ಡ್ರಾಯರಿನಲ್ಲಿರುವ ಮಿಗತೆ ಪೊಟ್ಟಣದಿಂದ ಹೊಸದೊಂದನ್ನು ಸೇರಿಸುತ್ತೇವೆ. ಸಂಜೆ ಅತ್ತೆ ಎಲ್ಲವನ್ನೂ ಎಣಿಸಿ ತಗಡಿನ ಡಬ್ಬಿಗೆ ಹಾಕುತ್ತಾರೆ. ಒಂದೇ ಒಂದು ಕಡಿಮೆ ಬಿದ್ದರೂ ಅಂದು ಹೊಲಿದ ಯಾವ ಫ್ರಾಕೂ ಹೊಸಿಲು ದಾಟುವಂತಿಲ್ಲ. ಮೊದಲು ಮಷೀನಿನ ಮುಂದೆ ಕೂರುತ್ತಿದ್ದವರು ಅವರೇ. ಕಣ್ಣು ಮಂಜಾದ ಮೇಲೆ ಮಷೀನು ನನ್ನ ಪಾಲಿಗೆ ಬಂತು, ಎಣಿಕೆ ಅವರ ಪಾಲಿಗೆ ಉಳಿಯಿತು. ‘ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ’ ಎಂದು ಅವರೇ ನಗುತ್ತ ಹೇಳಿಕೊಳ್ಳುತ್ತಿದ್ದರು.

ಗುರುವಾರ ಮಧ್ಯಾಹ್ನ ಆ್ಯಪಿನಲ್ಲಿ ಒಂದು ಸಂದೇಶ ಬಂತು. ‘ಹಳದಿ ಫ್ರಾಕ್ ಬಂತು. ಮಗಳು ಹಾಕ್ಕೊಂಡ್ರೆ ಅಳ್ತಾಳೆ, ಯಾಕೆ ಅಂತ ಗೊತ್ತಾಗ್ತಿಲ್ಲ. ವಾಪಸ್ ತಗೋತೀರಾ?’

ಮಗು ಅಳುವುದು ಕೂಡ ಒಂದು ಕಾರಣವಂತೆ! ನಾನು ಬರೆದೆ: ‘ನಿಮ್ಮ ಮಗಳ ಹಟಕ್ಕೂ ನಮ್ಮ ಫ್ರಾಕಿಗೂ ಸಂಬಂಧ ಇಲ್ಲ. ವಾಪಸ್ ಕಳಿಸೋ ಖರ್ಚು ನಿಮ್ಮದೇ.’

‘ಆ ಖರ್ಚಿಗೆ ಇನ್ನೊಂದು ಫ್ರಾಕೇ ಬರುತ್ತಲ್ರೀ?’

‘ಹಾಗಾದ್ರೆ ಇನ್ನೊಂದು ಫ್ರಾಕೇ ತಗೊಳ್ಳಿ. ಹಾಕಿ ಮೆರೆದು ವಾಪಸ್ ಕಳಿಸೋರನ್ನ ನಾವು ಬೇಕಾದಷ್ಟು ನೋಡಿದ್ದೀವಿ.’

ಆಮೇಲೆ ಆ ಕಡೆಯಿಂದ ಉತ್ತರ ಬರಲಿಲ್ಲ. ಬಾಯಿ ಮುಚ್ಚಿಸಿದೆ ಎಂಬ ಖುಷಿಯಲ್ಲಿ ಅತ್ತೆಗೆ ಎಲ್ಲವನ್ನೂ ಓದಿ ಹೇಳಿದೆ. ಅವರು ನಗಲಿಲ್ಲ.

“ಯಾವ ಬಣ್ಣದ ಫ್ರಾಕು ಅಂದೆ?”

“ಹಳದಿ.”

“ಹೌದಾ” ಎಂದು ಮೇಜಿನ ಮೇಲಿದ್ದ ಬಟ್ಟೆಯನ್ನು ಅಂಗೈಯಿಂದ ಸವರುತ್ತ ಕೂತರು. ಅದರಲ್ಲಿ ಸುಕ್ಕೇ ಇರಲಿಲ್ಲ.

ಶುಕ್ರವಾರ ಬೆಳಿಗ್ಗೆ ಡಬ್ಬಿ ತೆರೆಯುವಾಗ ಕೈ ಜಾರಿ ಗುಂಡುಸೂಜಿಗಳೆಲ್ಲ ನೆಲಕ್ಕೆ ಚೆಲ್ಲಿದವು. ಮೇಜಿನ ಕೆಳಗೆ ಅಯಸ್ಕಾಂತ ಆಡಿಸಿ ಒಟ್ಟುಮಾಡಿದೆ. ನೀಲಿ ತಲೆಗಳ ಗೊಂಚಲಿನ ನಡುವೆ ಒಂದು ಬಿಳಿ ತಲೆ ಇತ್ತು.

ನಮ್ಮ ಕೋಣೆಯಲ್ಲಿ ಬಿಳಿ ತಲೆಯ ಸೂಜಿ ಇದ್ದದ್ದು ಒಂದೇ ಕಡೆ: ಬಾಗಿಲ ಹಿಂದಿನ ಕ್ಯಾಲೆಂಡರಿನಲ್ಲಿ. ತಲೆ ಎತ್ತಿ ನೋಡಿದೆ. ಕ್ಯಾಲೆಂಡರಿನ ಬಲಗಡೆಯ ಮೂಲೆ ಗೋಡೆ ಬಿಟ್ಟು ಮಡಚಿಕೊಂಡಿತ್ತು.

“ಅತ್ತೆ, ಇದನ್ನ ಡಬ್ಬಿಗೆ ಹಾಕಿದ್ದು ಯಾರು?”

ಅವರು ಮುಖ ಎತ್ತಲಿಲ್ಲ. ರಾತ್ರಿ ನಿದ್ದೆ ಮಾಡಿದ ಕಣ್ಣುಗಳಾಗಿರಲಿಲ್ಲ ಅವು.

“ಹೋದ ವಾರ ಮಂಗಳವಾರ ಕಣೆ. ಮೂವತ್ತೈದೇ ಬಂತು. ಮೂರು ಸಲ ಎಣಿಸಿದೆ.”

“ನನ್ನ ಕರೀಬಾರದಿತ್ತಾ?”

“ಅಂಚು ಸೊಟ್ಟ ಆಯ್ತು ಅಂತ ಬೈದಿದ್ದೆಯಲ್ಲ ನೀನು. ಕಣ್ಣು ಕಾಣದಿದ್ರೆ ಸುಮ್ಮನೆ ಮೂಲೇಲಿ ಕೂತ್ಕೊಳ್ಳಿ ಅಂತ. ನಾನೇ ತಪ್ಪು ಎಣಿಸ್ತಿದ್ದೀನೇನೋ, ಕೇಳಿದ್ರೆ ಇದನ್ನೂ ಕಿತ್ಕೋತಾಳೆ ಅಂತ ಹೆದರಿಕೆ ಆಯ್ತು. ಕ್ಯಾಲೆಂಡರಿಂದ ಒಂದು ತೆಗೆದು ಹಾಕ್ದೆ. ನಿನ್ನ ಕಣ್ಣಿಗೆ ಬೀಳಬಾರದು ಅಂತ ಬಟ್ಟೆಗೆ ಚುಚ್ಚದೆ ಡಬ್ಬಿ ತಳದಲ್ಲೇ ಬಿಟ್ಟಿದ್ದೆ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸೊಟ್ಟ ಅಂಚನ್ನು ಬಿಚ್ಚಿ ಹೊಲಿಯಲು ಐದು ನಿಮಿಷ ಸಾಕಾಗಿತ್ತು. ನಾನು ಹತ್ತು ನಿಮಿಷ ಬೈದಿದ್ದೆ.

ಆ ಮಂಗಳವಾರ ಹೊಲಿದದ್ದು ಮೂರು ಹಳದಿ ಫ್ರಾಕ್, ಮೂರಕ್ಕೂ ಲೈನಿಂಗ್. ಎರಡು ಇನ್ನೂ ಕಪಾಟಿನಲ್ಲಿದ್ದವು. ಕೆಳಗಿಳಿಸಿ ಅಯಸ್ಕಾಂತವನ್ನು ಎದೆ, ಬೆನ್ನು, ಕಂಕುಳು, ಸೊಂಟ ಎಲ್ಲ ಕಡೆ ಆಡಿಸಿದೆ. ಬೆನ್ನಿನ ಜಿಪ್ಪಿಗೂ ಅದು ಅಂಟಲಿಲ್ಲ, ಅದು ಪ್ಲಾಸ್ಟಿಕ್ಕಿನದು. ಎರಡರಲ್ಲೂ ಏನೂ ಇರಲಿಲ್ಲ. ಉಳಿದದ್ದು ಮೂರನೆಯದು. ಹಾಕಿದರೆ ಅಳುತ್ತಾಳೆ, ಯಾಕೆ ಅಂತ ಗೊತ್ತಾಗುತ್ತಿಲ್ಲ ಎಂದು ಆ ತಾಯಿ ಬರೆದಿದ್ದಳು.

ಲೆಕ್ಕ ಸರಿಮಾಡಿದವರು ಅತ್ತೆ, ನಿಜ. ಆದರೆ ಆ ಸೂಜಿಯನ್ನು ಕೀಳದೆ ಬಟ್ಟೆಯನ್ನು ಒಳಹೊರಗು ಮಾಡಿ ಹೊಲಿಗೆ ಮುಚ್ಚಿದವಳು ನಾನು. ಸೂಜಿ ಎರಡು ಪದರದ ನಡುವೆ ಸಿಕ್ಕಿಕೊಂಡಿದೆ. ಹೊರಗಿನಿಂದ ಕಾಣುವುದಿಲ್ಲ. ಮಗು ಕೈ ಎತ್ತಿದಾಗ, ಬಗ್ಗಿದಾಗ, ಯಾರಾದರೂ ಮುದ್ದಿನಿಂದ ಬಿಗಿಯಾಗಿ ಅಪ್ಪಿಕೊಂಡಾಗ ಅದರ ಮೊನೆ ಯಾವ ಕಡೆಗೆ ತಿರುಗುತ್ತದೆ? ಅಂಗುಲಕ್ಕಿಂತ ಉದ್ದದ ಸೂಜಿ. ನಾಲ್ಕು ವರ್ಷದ ಮಗುವಿನ ಪಕ್ಕೆಲುಬು ಎಷ್ಟು ದಪ್ಪವಿರುತ್ತದೆ?

ಫೋನ್ ತೆಗೆದು ಬರೆದೆ: ‘ದಯವಿಟ್ಟು ಆ ಫ್ರಾಕ್ ಹಾಕಿಸಬೇಡಿ.’ ಪರದೆಯ ಮೇಲೆ ಮೂಡಿದ ಉತ್ತರ ಆ್ಯಪಿನದು: ಈ ಗ್ರಾಹಕರು ನಿಮ್ಮ ಸಂದೇಶಗಳನ್ನು ಸ್ವೀಕರಿಸುತ್ತಿಲ್ಲ. ಅಂಥ ಮಾತು ಕೇಳಿದ ಮೇಲೆ ಯಾರು ತಾನೇ ಸ್ವೀಕರಿಸುತ್ತಾರೆ! ಕೊಂಡವರ ಫೋನ್ ನಂಬರನ್ನು ಆ್ಯಪ್ ನಮಗೆ ತೋರಿಸುವುದಿಲ್ಲ. ಸಹಾಯವಾಣಿಗೆ ಮಾಡಿದರೆ, ರಿಟರ್ನ್ ಬಗ್ಗೆಯಾದರೆ ಒಂದನ್ನು ಒತ್ತಿ ಎಂದಿತು. ಒತ್ತಿದೆ. ಬಹಳ ಹೊತ್ತಿನ ಮೇಲೆ ಒಬ್ಬಳು ಬಂದು, ದೂರು ದಾಖಲಾಗಿದೆ, ಎರಡು ಕೆಲಸದ ದಿನಗಳಲ್ಲಿ ಉತ್ತರ ಸಿಗುತ್ತದೆ ಎಂದಳು. ಶನಿವಾರ, ಭಾನುವಾರ ಕೆಲಸದ ದಿನಗಳಲ್ಲವಂತೆ. ಗುಂಡುಸೂಜಿಗೆ ರಜೆ ಇರುವುದಿಲ್ಲ ಎಂದು ಹೇಳಬೇಕೆನಿಸಿತು, ಹೇಳಲಿಲ್ಲ. ಮೊದಲ ಬಾರಿಗೆ ನನ್ನ ಬಾಯಿಗೆ ನನಗೇ ಹೆದರಿಕೆಯಾಗಿತ್ತು.

ಒಂದೇ ಪುಣ್ಯವೆಂದರೆ ಪಾರ್ಸೆಲ್ಲಿಗೆ ಅಂಟಿಸುವ ವಿಳಾಸದ ಚೀಟಿಯ ಪ್ರತಿ ಫೈಲಿನಲ್ಲಿ ಉಳಿದಿರುತ್ತದೆ. ತೆಗೆದು ನೋಡಿದೆ. ನಮ್ಮ ನಗರದ್ದೇ, ಆದರೆ ಇನ್ನೊಂದು ತುದಿ. ಎರಡು ಬಸ್ಸು ಬದಲಾಯಿಸಬೇಕು.

ಹೊರಡುವ ಮುಂಚೆ ಗಂಡನಿಗೆ ಫೋನ್ ಮಾಡಿದೆ. ಎಲ್ಲ ಕೇಳಿ ಅವರು ಲಾರಿಯನ್ನು ರಸ್ತೆಯ ಪಕ್ಕಕ್ಕೆ ನಿಲ್ಲಿಸಿದರು.

“ನೋಡು, ಗುಂಡುಸೂಜಿ ಅಂತ ಬಾಯಿ ಬಿಟ್ರೆ ನಮ್ಮ ಕತೆ ಮುಗೀತು. ಮಕ್ಕಳ ಬಟ್ಟೆ ಅದು. ಒಂದೇ ದಿನದಲ್ಲಿ ಎಲ್ಲರಿಗೂ ಗೊತ್ತಾಗಿ ಅಂಗಡಿ ಮುಚ್ಚಬೇಕಾಗುತ್ತೆ. ಬಣ್ಣ ಬಿಡೋ ಬಟ್ಟೆ ಬಂದುಬಿಟ್ಟಿದೆ, ಬದಲಿ ಕೊಡ್ತೀನಿ ಅಂತ ಹೇಳಿ ಇಸ್ಕೊಂಡು ಬಾ.”

“ಮಗುಗೆ ಏನಾದ್ರೂ ಆಗಿದ್ರೆ?”

“ಆಗಿರಲ್ಲ. ಆಗಿದ್ರೆ ಇಷ್ಟೊತ್ತಿಗೆ ಬಿಡ್ತಿದ್ರಾ?”

ಅವರ ಧ್ವನಿಯಲ್ಲಿ ಧೈರ್ಯವಿರಲಿಲ್ಲ. ಆದರೂ ಮಾತು ನನಗೆ ಹಿಡಿಸಿತು. ಕಪಾಟಿನಿಂದ ಇನ್ನೊಂದು ಹಳದಿ ಫ್ರಾಕ್ ತೆಗೆದು ಚೀಲಕ್ಕೆ ಹಾಕಿಕೊಂಡೆ. ಜೊತೆಗೆ ಕತ್ತರಿ, ಅಯಸ್ಕಾಂತ. ಅತ್ತೆ ಬಾಗಿಲವರೆಗೆ ಬಂದು, “ನಾನೂ ಬರ್ಲಾ?” ಎಂದರು. “ಬೇಡ” ಎಂದೆ. ಇನ್ನೂ ಏನೋ ಹೇಳಲು ಬಾಯಿ ತೆರೆದು ಮುಚ್ಚಿದರು. ಕೇಳಿಸಿಕೊಳ್ಳುವಷ್ಟು ವ್ಯವಧಾನ ನನಗಿರಲಿಲ್ಲ.

ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಒಬ್ಬ ತಂದೆ ಮಗುವನ್ನು ಭುಜದ ಮೇಲೆ ಮಲಗಿಸಿಕೊಂಡು ಬೆನ್ನು ತಟ್ಟುತ್ತಿದ್ದ. ಬಸ್ಸು ಗುಂಡಿಗೆ ಬಿದ್ದು ಎದ್ದಾಗ ಆ ಮಗು ಕಿಟಾರನೆ ಕಿರುಚಿತು, ನಾನೂ ಕಿರುಚಿದೆ. ತಂದೆ ತಿರುಗಿ ನನ್ನನ್ನೇ ವಿಚಿತ್ರವಾಗಿ ನೋಡಿದ. ಬಣ್ಣ ಬಿಡುತ್ತೆ, ಬದಲಿ ತಂದಿದ್ದೀನಿ, ಬಣ್ಣ ಬಿಡುತ್ತೆ, ಬದಲಿ ತಂದಿದ್ದೀನಿ. ದಾರಿಯುದ್ದಕ್ಕೂ ಅದನ್ನೇ ಬಾಯಿಪಾಠ ಮಾಡಿದೆ.

ವಿಳಾಸದ ಮನೆ ಮೂರನೆಯ ಮಹಡಿಯಲ್ಲಿತ್ತು. ಬಾಗಿಲಿಗೆ ಬೀಗ. ಬಾಗಿಲ ಪಕ್ಕದಲ್ಲಿ ಒಂದು ಜೊತೆ ಪುಟ್ಟ ಚಪ್ಪಲಿ. ಆಸ್ಪತ್ರೆಗೆ ಹೋಗುವ ಗಡಿಬಿಡಿಯಲ್ಲಿ ಮಗುವಿಗೆ ಚಪ್ಪಲಿ ಹಾಕಲು ಯಾರಿಗೆ ನೆನಪಿರುತ್ತದೆ? ಎದುರು ಮನೆಯ ಬಾಗಿಲು ಬಡಿದೆ. ಒಬ್ಬ ಮುದುಕ ಅರ್ಧ ಗಡ್ಡ ಹೆರೆದ ಮುಖದಲ್ಲಿ ಇಣುಕಿದ.

“ಅವಳಾ? ಮೂಲೆ ಔಷಧಿ ಅಂಗಡೀಲಿ ಕೆಲಸ ಮಾಡ್ತಾಳಮ್ಮ. ಈಗ ಅಲ್ಲೇ ಇರ್ತಾಳೆ.”

“ಮಗು?”

“ಮಗೂಗೇನು?” ಎಂದ. ಆ ಪ್ರಶ್ನೆ ಕೇಳಿ ನನಗೆ ಸ್ವಲ್ಪ ಉಸಿರು ಬಂತು.

ಅಂಗಡಿಯಲ್ಲಿ ಗಲ್ಲೆಯ ಮುಂದೆ ಐದಾರು ಜನ ನಿಂತಿದ್ದರು. ಆಕೆ ನನ್ನ ವಯಸ್ಸಿನವಳೇ. ತೆಳ್ಳಗಿದ್ದಳು, ಕಿವಿಗೆ ಪೆನ್ನು ಸಿಕ್ಕಿಸಿಕೊಂಡಿದ್ದಳು. ಸರದಿ ಬರುವವರೆಗೂ ಕಾಯಲಾಗದೆ ಪಕ್ಕದಿಂದ ಹೋಗಿ, ಹಳದಿ ಫ್ರಾಕಿನವಳು ನಾನೇ ಎಂದೆ. ಅವಳ ಮುಖ ಗಟ್ಟಿಯಾಯಿತು.

“ಆ್ಯಪಲ್ಲಿ ಅಂದಿದ್ದು ಸಾಲದು ಅಂತ ಕೆಲಸದ ಜಾಗಕ್ಕೇ ಬಂದ್ರಾ?”

“ತಪ್ಪಾಯ್ತು. ಆ ಬಟ್ಟೆ ಬಣ್ಣ ಬಿಡುತ್ತಂತೆ, ಆಮೇಲೆ ಗೊತ್ತಾಯ್ತು. ಬದಲಿ ತಂದಿದ್ದೀನಿ, ಅದನ್ನ ಕೊಟ್ಬಿಡಿ. ಖರ್ಚೇನೂ ಇಲ್ಲ.”

ಅವಳು ಒಬ್ಬ ಗಿರಾಕಿಗೆ ಮಾತ್ರೆಯ ಹಾಳೆ ಕತ್ತರಿಸಿ ಕೊಡುತ್ತಲೇ ಹೇಳಿದಳು: “ಈಗ ಜ್ಞಾನೋದಯ ಆಯ್ತಾ? ಅದು ನನ್ನ ಹತ್ರ ಇಲ್ಲ. ವಾಪಸ್ ಕಳಿಸೋಕೆ ಕೈಲಾಗಲ್ಲ, ಮಗಳು ಹಾಕ್ಕೊಳ್ಳಲ್ಲ. ಇಟ್ಕೊಂಡು ಏನ್ ಮಾಡ್ಲಿ? ಬೆಳಿಗ್ಗೆ ಅವಳ ಡೇಕೇರಿಗೇ ಕೊಟ್ಟುಬಂದೆ.”

“ಡೇಕೇರಿಗಾ?”

“ಅಲ್ಲೊಂದು ಪೆಟ್ಟಿಗೆ ಇಟ್ಟಿರ್ತಾರೆ. ಮಕ್ಕಳು ಬಟ್ಟೆ ಒದ್ದೆ ಮಾಡ್ಕೊಂಡ್ರೆ ಬದಲಾಯಿಸೋಕೆ. ಯಾರದ್ದಾದ್ರೂ ಮಗು ಹಾಕ್ಕೊಳ್ಳುತ್ತೆ ಬಿಡಿ. ಬಣ್ಣ ತಾನೆ, ಬಿಟ್ರೆ ಬಿಡುತ್ತೆ. ಸೋಮವಾರ ಕೇಳಿ ಇಟ್ಟಿರ್ತೀನಿ, ಬಂದು ತಗೊಂಡು ಹೋಗಿ.”

ಮುಂದಿನ ಗಿರಾಕಿಯ ಚೀಟಿಗೆ ಕೈ ಚಾಚಿದಳು. ನನ್ನ ಸುಳ್ಳು ಎಷ್ಟು ಚೆನ್ನಾಗಿ ಕೆಲಸ ಮಾಡಿತ್ತೆಂದರೆ ಅವಳಿಗೆ ಯಾವ ಆತುರವೂ ಉಳಿದಿರಲಿಲ್ಲ. ಒಂದು ಮಗುವಿನ ಮೈಮೇಲಿದ್ದ ಸೂಜಿ ಈಗ ಇಪ್ಪತ್ತು ಮಕ್ಕಳ ನಡುವೆ ಹೋಗಿತ್ತು. ಅದನ್ನು ಅಲ್ಲಿಗೆ ಕಳಿಸಿದ್ದು ನನ್ನ ನಿಯಮ. ವಾಪಸ್ ಬರಬಾರದೆಂದು ನಾನೇ ಹಾಕಿದ ಬೀಗಕ್ಕೆ ಈಗ ನನ್ನ ಹತ್ತಿರ ಬೀಗದ ಕೈ ಇರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಹೇಳಿದರೆ ಅಂಗಡಿ ಹೋಗುತ್ತದೆ. ನಿಂತಿದ್ದ ಐದಾರು ಜನರೂ ಕೇಳಿಸಿಕೊಳ್ಳುತ್ತಾರೆ. ಮಷೀನಿನ ಕಂತು ಇನ್ನೂ ಮುಗಿದಿಲ್ಲ. ಇವೆಲ್ಲ ಒಂದೇ ಕ್ಷಣದಲ್ಲಿ ತಲೆಯೊಳಗೆ ಹಾದುಹೋದವು. ಆ ಕ್ಷಣವನ್ನು ನೆನೆದರೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ, ಯಾಕೆಂದರೆ ಅದು ಒಂದು ಕ್ಷಣಕ್ಕಿಂತ ಉದ್ದವಾಗಿಯೇ ಇತ್ತು.

“ಬಣ್ಣ ಅಲ್ಲ ಕಣ್ರೀ” ಎಂದೆ. “ಅದರೊಳಗೆ ಗುಂಡುಸೂಜಿ ಇದೆ.”

ಅವಳ ಕೈಯಲ್ಲಿದ್ದ ಚೀಟಿ ಗಲ್ಲೆಯ ಮೇಲೆ ಬಿತ್ತು. ಗಲ್ಲೆಯ ಪಕ್ಕದ ಹಲಗೆ ಎತ್ತಿ ಹೊರಗೆ ಬಂದವಳೇ ಓಡತೊಡಗಿದಳು. ನಾನು ಚೀಲ ಅವುಚಿಕೊಂಡು ಹಿಂದೆ ಓಡಿದೆ. ಎರಡು ಬೀದಿ, ಒಂದು ತಿರುವು. ಓಡುತ್ತಲೇ ಅವಳು ಫೋನ್ ಮಾಡುತ್ತಿದ್ದಳು. ಡೇಕೇರಿನಲ್ಲಿ ಯಾರೂ ಎತ್ತಲಿಲ್ಲ.

“ಮಲಗೋ ಹೊತ್ತು. ಫೋನ್ ಬಂದ್ ಮಾಡಿರ್ತಾರೆ” ಎಂದಳು ಏದುಸಿರಿನಲ್ಲಿ. ನಂತರ, ನನಗೋ ತನಗೋ ಗೊತ್ತಿಲ್ಲ: “ಎರಡು ದಿನ ಹಾಕ್ಸಿದೆ. ಎರಡು ದಿನಾನೂ ಅತ್ತಳು. ಹಟ ಅಂತ ಒಂದೇಟು ಕೊಟ್ಟೆ ರೀ.”

ಡೇಕೇರಿನ ಬಾಗಿಲು ತೆರೆದ ದಪ್ಪನೆಯ ಹೆಂಗಸು ತುಟಿಯ ಮೇಲೆ ಬೆರಳಿಟ್ಟಳು. ಒಳಗೆ ಪರದೆ ಎಳೆದ ಕೋಣೆಯಲ್ಲಿ ಎರಡು ಸಾಲು ಪುಟ್ಟ ಹಾಸಿಗೆಗಳು, ಫ್ಯಾನಿನ ಸದ್ದು, ಮಕ್ಕಳ ಉಸಿರು. ಬಟ್ಟೆಯ ಪೆಟ್ಟಿಗೆ ಗೋಡೆಯ ಪಕ್ಕದಲ್ಲಿತ್ತು. ನಾನೂ ಅವಳೂ ಮಂಡಿಯೂರಿ ಬಟ್ಟೆಗಳನ್ನೆಲ್ಲ ಹೊರಗೆಳೆದೆವು. ಹಳದಿ ಬಣ್ಣ ಅದರಲ್ಲಿರಲಿಲ್ಲ.

“ಬೆಳಿಗ್ಗೆ ಕೊಟ್ಟ ಫ್ರಾಕಾ?” ಎಂದು ಪಿಸುಗುಟ್ಟಿದಳು ಡೇಕೇರಿನಾಕೆ. “ಅದನ್ನ ಆ ಮಗೂಗೆ ಹಾಕಿದ್ದೀನಿ. ಹಾಲು ಚೆಲ್ಕೊಂಡಿತ್ತು.”

ಕಿಟಕಿಯ ಕೆಳಗಿನ ಹಾಸಿಗೆಯಲ್ಲಿ ಒಂದು ಮಗು ಎಡಗಡೆಗೆ ಹೊರಳಿ ಮಲಗಿತ್ತು. ಹೊದಿಕೆಯ ಅಂಚಿನಿಂದ ನನ್ನ ಹಳದಿ ಫ್ರಾಕಿನ ನೆರಿಗೆ ಕಾಣುತ್ತಿತ್ತು. ಮಗು ಅಲುಗಾಡುತ್ತಿರಲಿಲ್ಲ. ಡೇಕೇರಿನಾಕೆ ಎತ್ತಿಕೊಳ್ಳಲು ಬಗ್ಗಿದಳು.

“ಮುಟ್ಟಬೇಡಿ!” ಎಂದೆ. ಮೆಲ್ಲಗೆ ಹೇಳಬೇಕೆಂದುಕೊಂಡದ್ದು ಜೋರಾಗಿ ಬಂತು. “ಎತ್ತಿದ್ರೆ ಒತ್ತುತ್ತೆ. ನಾನು ಹೊಲಿದಿರೋದು, ನನಗೆ ಗೊತ್ತು.”

ಮೂಗಿನ ಬಳಿ ಬೆರಳು ಹಿಡಿದೆ. ಉಸಿರು ಬೆಚ್ಚಗಿತ್ತು. ಆಗ ನನಗೆ ಅಳು ಬಂತು, ಆದರೆ ಅಳಲು ಅದು ಹೊತ್ತಲ್ಲ. ಕತ್ತರಿ ತೆಗೆದೆ. ಬೆನ್ನ ಮೇಲೆ ಕುತ್ತಿಗೆಯಿಂದ ಸೊಂಟದವರೆಗೆ ಜಿಪ್ಪಿನ ಪಕ್ಕದಲ್ಲೇ ಕತ್ತರಿಸಿದೆ. ಬಲಗಡೆಯ ಅರ್ಧವನ್ನು ಸುಲಿದು, ಅಯಸ್ಕಾಂತ ಹಿಡಿದರೆ ಸೂಜಿ ಸರಿದೀತೆಂದು ಬೆರಳಿನಿಂದಲೇ ತಡಕಿದೆ. ಇಲ್ಲ. ಎದೆಭಾಗದಲ್ಲಿ ಇಲ್ಲ. ಉಳಿದದ್ದು ಎಡಗಡೆ, ಮಗು ಮೈಭಾರ ಹಾಕಿ ಮಲಗಿದ್ದ ಕಡೆ.

ಔಷಧಿ ಅಂಗಡಿಯಾಕೆ ನನ್ನೆದುರು ಕೂತು ಎರಡೂ ಕೈ ಮಗುವಿನ ತಲೆ, ಸೊಂಟದ ಕೆಳಗೆ ತೂರಿಸಿದಳು. ಅದು ಅವಳ ಮಗುವಲ್ಲ. ಆದರೂ ಅವಳ ಮುಖದಲ್ಲಿ ಬೆವರು ಇಳಿಯುತ್ತಿತ್ತು. ಅವಳು ಕೂದಲೆಳೆಯಷ್ಟು ಮೇಲೆತ್ತಿದಳು, ನಾನು ಬಟ್ಟೆಯನ್ನು ಕೆಳಗಿನಿಂದ ಮೆಲ್ಲಗೆ ಎಳೆದೆ. ಕಂಕುಳಿನ ಕೆಳಗೆ, ಲೈನಿಂಗಿನ ಹೊಲಿಗೆಯಲ್ಲಿ ನೀಲಿ ತಲೆ ಸಿಕ್ಕಿಕೊಂಡಿತ್ತು. ಮೊನೆ ಒಳಗಡೆಗೆ ಅರ್ಧ ಅಂಗುಲ ಹೊರಬಂದಿತ್ತು. ಮಗುವಿನ ಪಕ್ಕೆಯ ಮೇಲೆ ಬೆಕ್ಕು ಪರಚಿದಂತೆ ತೆಳ್ಳನೆಯ ಒಂದು ಕೆಂಪು ಗೆರೆ. ಅಷ್ಟೇ. ಮಗು ಒಮ್ಮೆ ಮುಖ ಕಿವುಚಿ, ಬೆರಳು ಚೀಪುತ್ತ ನಿದ್ದೆ ಮುಂದುವರಿಸಿತು.

ನಾವು ಮೂವರೂ ನೆಲದ ಮೇಲೆ ಕೂತೇ ಇದ್ದೆವು.

ಅಷ್ಟರಲ್ಲಿ ಎರಡನೆಯ ಸಾಲಿನ ಹಾಸಿಗೆಯಿಂದ ಒಂದು ಮಗು ಎದ್ದು ಬಂತು. ನಿದ್ದೆ ಮಾಡದೆ ಸುಮ್ಮನೆ ಮಲಗಿ ಎಲ್ಲವನ್ನೂ ನೋಡುತ್ತಿದ್ದ ಮಗು. ಔಷಧಿ ಅಂಗಡಿಯಾಕೆ ತನ್ನ ಮಗಳನ್ನು ಸೆಳೆದು ಅಪ್ಪಿಕೊಂಡಳು. ಅಂಗಿ ಮೇಲೆತ್ತಿ ನೋಡಿದಳು. ಕಂಕುಳಿನ ಕೆಳಗೆ ಒಣಗಿದ ಮೂರು ಚುಕ್ಕೆಗಳಿದ್ದವು. ಸೊಳ್ಳೆ ಕಡಿದದ್ದೆಂದು ಮುಲಾಮು ಹಚ್ಚಿದ್ದಳಂತೆ.

ಮಗು ನನ್ನ ಕೈಯಲ್ಲಿದ್ದ ಸೂಜಿಯನ್ನು ನೋಡಿತು, ನಂತರ ನನ್ನ ಮುಖವನ್ನು.

“ಈ ಫ್ರಾಕ್ ನೀವು ಮಾಡಿದ್ದಾ?”

“ಹೌದು ಪುಟ್ಟಿ.”

“ನಾನು ಅಳ್ತೀನಿ ಅಂತ ಅಮ್ಮ ನಿಮಗೆ ಹೇಳ್ಲಿಲ್ವಾ?”

ತಾಯಿ ತಲೆ ತಗ್ಗಿಸಿ ಅಳತೊಡಗಿದಳು.

“ಹೇಳಿದ್ರು” ಎಂದೆ. “ನಾನೇ ಕೇಳಿಸ್ಕೊಳ್ಳಲಿಲ್ಲ.”

ಔಷಧಿ ಅಂಗಡಿಯಾಕೆ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆ ಮಗುವಿನ ಮನೆಯವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳುವುದಾಗಿ ಡೇಕೇರಿನಾಕೆ ಹೇಳಿದಳು. ಹೇಳಿ ಎಂದು ನನ್ನ ಫೋನ್ ನಂಬರನ್ನೂ ವಿಳಾಸವನ್ನೂ ಬರೆದುಕೊಟ್ಟೆ. ಚೀಲದಲ್ಲಿದ್ದ ಬದಲಿ ಫ್ರಾಕನ್ನು ಹೊರಗೆ ತೆಗೆಯಲು ಧೈರ್ಯವಾಗದೆ ಹಾಗೆಯೇ ವಾಪಸ್ ತಂದೆ.

ಮನೆ ಮುಟ್ಟುವಾಗ ಇನ್ನೂ ಬಿಸಿಲಿತ್ತು. ಅತ್ತೆ ಹೊಸಿಲಿನಲ್ಲೇ ಕೂತಿದ್ದರು, ಮಡಿಲಲ್ಲಿ ತಗಡಿನ ಡಬ್ಬಿ. ಅವರ ಅಂಗೈಯಲ್ಲಿ ಸೂಜಿಯನ್ನಿಟ್ಟೆ.

“ಮಗು?”

“ಎರಡೂ ಚೆನ್ನಾಗಿವೆ.”

ಎರಡು ಎಂದದ್ದು ಅವರಿಗೆ ಅರ್ಥವಾಗಲಿಲ್ಲ, ಆದರೂ ಸೂಜಿಯನ್ನು ಮುಷ್ಟಿಯಲ್ಲಿ ಹಿಡಿದು ಬಿಕ್ಕಿ ಬಿಕ್ಕಿ ಅತ್ತರು. ನಾನು ಪಕ್ಕದಲ್ಲಿ ಕೂತೆ. ಡಬ್ಬಿಯಿಂದ ಬಿಳಿ ತಲೆಯದನ್ನು ತೆಗೆದು ಕ್ಯಾಲೆಂಡರಿನ ಮೂಲೆಗೆ ಚುಚ್ಚಿದೆ. ನೀಲಿಯದನ್ನು ಡಬ್ಬಿಗೆ ಸೇರಿಸಿ ಎಣಿಸಿದೆ. ಮೂವತ್ತಾರು. ಆಗಲೇ ಒಂದು ಮಾತು ತಲೆಗೆ ಹೊಳೆಯಿತು.

“ಅತ್ತೆ, ಡ್ರಾಯರಿನಲ್ಲಿ ಮಿಗತೆ ಪೊಟ್ಟಣ ಇತ್ತಲ್ಲ. ಅದರಿಂದ ನೀಲಿಯದೇ ಒಂದು ತಗೊಂಡಿದ್ರೆ ನನಗೆ ಗೊತ್ತೇ ಆಗ್ತಿರಲಿಲ್ಲ. ಕ್ಯಾಲೆಂಡರಿನದು ಯಾಕೆ ತೆಗೆದ್ರಿ?”

ಅವರು ಕಣ್ಣೊರೆಸಿಕೊಂಡರು.

“ಬೆಳಿಗ್ಗೆ ಅದನ್ನೇ ಹೇಳೋಣ ಅಂತಿದ್ದೆ ಕಣೆ. ಆ ಪೊಟ್ಟಣ ಮುಗಿದಿತ್ತು.”

ಎದ್ದು ಹೋಗಿ ಡ್ರಾಯರ್ ಎಳೆದೆ. ಖಾಲಿ ಕಾಗದವಿತ್ತು, ಅದರ ಮೇಲೆ ಸೂಜಿ ಚುಚ್ಚಿದ್ದ ತೂತಿನ ಸಾಲುಗಳಿದ್ದವು. ನಿಯಮ ಬದಲಾಯಿಸಿದ ತಿಂಗಳಲ್ಲಿ ನಾನೇ ತಂದಿಟ್ಟ ಪೊಟ್ಟಣ ಅದು. ಒಂದು ಡಜನ್.

“ಬಗ್ಗಿಹೋದದ್ದಕ್ಕೆ ಅಂತ ತೆಗೆದದ್ದು ಎಷ್ಟು? ಲೆಕ್ಕ ಕಡಿಮೆ ಬಿದ್ದದ್ದಕ್ಕೆ ಅಂತ ತೆಗೆದದ್ದು ಎಷ್ಟು?”

ಅತ್ತೆ ಬಹಳ ಹೊತ್ತು ಯೋಚಿಸಿದರು. ತುಟಿ ಅಲುಗುತ್ತಿತ್ತು, ಬೆರಳು ಮಡಿಸುತ್ತಿದ್ದರು, ಬಿಚ್ಚುತ್ತಿದ್ದರು.

“ಅದೇ ನೆನಪಾಗ್ತಿಲ್ಲ ಕಣೆ” ಎಂದರು.

ನಾನು ಫೋನ್ ತೆಗೆದೆ. ಮೊದಲು ನಿಯಮ ಬದಲಾಯಿಸಿದೆ: ವಾಪಸ್ ಖರ್ಚು ನಮ್ಮದು. ಆಮೇಲೆ ಆ ಮೂರು ತಿಂಗಳಲ್ಲಿ ಫ್ರಾಕ್ ಕೊಂಡ ಎಲ್ಲರಿಗೂ ಒಂದೇ ಸಂದೇಶ ಬರೆದೆ. ನೂರಾ ಹದಿನಾಲ್ಕು ಮನೆಗಳು, ನೂರಾ ಹದಿನಾಲ್ಕು ಮಕ್ಕಳು. ‘ದಯವಿಟ್ಟು ಆ ಫ್ರಾಕನ್ನು ಇವತ್ತೇ ಮಗುವಿನ ಮೈಯಿಂದ ತೆಗೆದು ನಮಗೆ ವಾಪಸ್ ಕಳಿಸಿ.’ ಗುಂಡುಸೂಜಿ ಎಂಬ ಪದ ಬರೆಯುವಷ್ಟು ಧೈರ್ಯ ಆಗಲೂ ನನಗೆ ಬರಲಿಲ್ಲ.

ಒಂದು ನಿಮಿಷವೂ ಕಳೆದಿರಲಿಲ್ಲ, ಫೋನ್ ಟಣ್ ಎಂದಿತು. ಅತ್ತೆ ನನ್ನ ತೋಳು ಹಿಡಿದುಕೊಂಡರು.

“ಏನಂತೆ? ಓದು.”

ಓದಿದೆ. ‘ಎರಡು ತಿಂಗಳಿಂದ ಹಾಕ್ತಿದ್ದಾಳಲ್ರೀ. ಈಗಲೂ ಅದನ್ನೇ ಹಾಕ್ಕೊಂಡು ಹೊರಗೆ ಆಡ್ತಿದ್ದಾಳೆ. ಯಾಕೆ, ಏನಿದೆ ಅದರಲ್ಲಿ?’

ನಾನು ಆ ಪದವನ್ನು ಬರೆದು ಕಳಿಸಿದೆ.